ಉಂಡದ್ದು ಮೈಗೆ ಹತ್ತಬೇಕು: ಆಹಾರ ವಿಜ್ಞಾನದ ಎಂ.ಎಸ್ಸಿ. ವ್ಯಾಸಂಗವನ್ನು ಕುರಿತು ಒಂದು ಪಾಠ



ಬೆಂಗಳೂರಿನ ಪಶ್ಚಿಮಕ್ಕೆ ಚಂದ್ರಾ ಲೇಔಟ್ ಎಂಬ ಬಡಾವಣೆ ಇದೆ. ವಿಜಯನಗರಕ್ಕೂ ಮೈಸೂರು ರಸ್ತೆಗೂ ಅದು ಹತ್ತಿರ. ನೆರೆಯ ಅತ್ತಿಗುಪ್ಪೆ, ನಾಗರಬಾವಿ ಎಂಬ ಹೆಸರುಗಳನ್ನು ಕೇಳಿದರೇ ಸಾಕು, ಅವು ಹಿಂದೆ ಹಳ್ಳಿಗಳಾಗಿದ್ದುವೆಂದು ತಿಳಿಯುತ್ತದೆ. ನಮ್ಮ ಕಡೆಯ ಎಷ್ಟೋ ಮನೆಗಳವರಿಗೆ ಅಲ್ಲಿ ನೆಂಟರಿದ್ದಾರೆ. ಮುಂದೆ ಹೋದಾಗ ಅಲ್ಲಿನ ದಿನಸಿ ಅಂಗಡಿಯೊಂದರಲ್ಲಿ ಎರಡು ನಿಮಿಷ ನಿಂತು ನೋಡಿ. ಒಂದು ಕಡೆ ಚೀಲದಲ್ಲಿ ರಾಗಿ ಇರುತ್ತದೆ. ಇನ್ನೊಂದು ಕಡೆ ಪೊಟ್ಟಣದಲ್ಲಿ ಮೊಳಕೆ ರಾಗಿಯ ಹಿಟ್ಟು ಇರುತ್ತದೆ. ಎರಡರ ಬೆಲೆಯನ್ನೂ ಕೇಳಿ. ನೀವು ಕಣದಲ್ಲಿ ಅಳೆದುಕೊಟ್ಟ ರಾಗಿಯ ಬೆಲೆ ಎಷ್ಟು, ಅದೇ ರಾಗಿ ಪೊಟ್ಟಣದೊಳಗೆ ಹೊಕ್ಕಾಗ ಬೆಲೆ ಎಷ್ಟು ಎಂಬುದನ್ನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿ.

ಆ ಎರಡು ಬೆಲೆಗಳ ನಡುವೆ ಇರುವುದೇನು? ಕೂಲಿ ಇದೆ, ಸಾಗಣೆ ಇದೆ, ಪೊಟ್ಟಣದ ಖರ್ಚಿದೆ, ಅಂಗಡಿಯವನ ಲಾಭವಿದೆ. ಇವಲ್ಲದೆ ಇನ್ನೊಂದೂ ಇದೆ. ರಾಗಿಯನ್ನು ಎಷ್ಟು ಹೊತ್ತು ನೆನೆಸಬೇಕು, ಎಷ್ಟು ಹೊತ್ತು ಮೊಳಕೆ ಕಟ್ಟಬೇಕು, ಯಾವ ಶಾಖದಲ್ಲಿ ಒಣಗಿಸಬೇಕು, ಆ ಹಿಟ್ಟು ಎಷ್ಟು ತಿಂಗಳು ಕೆಡದೆ ಇರುತ್ತದೆ ಎಂಬ ತಿಳಿವಳಿಕೆ. ಈ ತಿಳಿವಳಿಕೆಗೆ ಆಹಾರ ವಿಜ್ಞಾನವೆಂದು ಹೆಸರು. ಇದನ್ನು ಕಾಲೇಜಿನಲ್ಲಿ ಕಲಿಸುತ್ತಾರೆ. ಪದವಿಯ ಮೇಲೆ ಇನ್ನೆರಡು ವರ್ಷ ಓದಿ, ಸಂಶೋಧನೆ ಮಾಡಿ, ಎಂ.ಎಸ್ಸಿ. ಪಡೆಯುವವರೂ ಇದ್ದಾರೆ.

ನಿಮ್ಮ ಮನೆಯ ಹುಡುಗಿಯೋ ಹುಡುಗನೋ ಬಿ.ಎಸ್ಸಿ. ಮುಗಿಸಿ ಬಂದು, "ಅಪ್ಪಾ, ನಾನು ಆಹಾರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುತ್ತೇನೆ" ಎಂದರೆ ನೀವು ಏನು ಹೇಳುವಿರಿ? "ಅಡುಗೆ ಕಲಿಯಲು ಎರಡು ವರ್ಷ ಬೇಕೇ? ಅದನ್ನು ನಿನ್ನ ಅವ್ವ ಕಲಿಸುತ್ತಾಳೆ" ಎಂದು ನಕ್ಕುಬಿಡುವವರು ಹಲವರು. ಹಾಗೆ ನಗುವುದಕ್ಕೆ ಮುಂಚೆ ಆ ವ್ಯಾಸಂಗ ಏನೆಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ತಿಳಿಯುವ ದಾರಿ ಕಷ್ಟದ್ದೇನೂ ಅಲ್ಲ. ಅದನ್ನು ನಮ್ಮ ಒಲೆಯ ಬಳಿಯಿಂದಲೇ ಆರಂಭಿಸೋಣ.

ಎರಡು ಪಾತ್ರೆಗಳ ಪ್ರಯೋಗ

ಮೊದಲು ಮೊಳಕೆ ರಾಗಿಯ ಹಿಟ್ಟನ್ನು ಸ್ವಲ್ಪ ಮಾಡಿಟ್ಟುಕೊಳ್ಳಿ. ಒಂದು ಪಾವು ರಾಗಿಯನ್ನು ಚೆನ್ನಾಗಿ ತೊಳೆದು ರಾತ್ರಿಯೆಲ್ಲ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು, ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಒಂದೆರಡು ದಿನದಲ್ಲಿ ಬಿಳಿಯ ಮೊಳಕೆ ಕಾಣುತ್ತದೆ. ಅದನ್ನು ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆಯ ಬೇರುಗಳನ್ನು ಕೇರಿ ತೆಗೆಯಿರಿ. ಬಳಿಕ ಹಿಟ್ಟು ಮಾಡಿ. ಸದ್ಯಕ್ಕೆ ಹುರಿಯಬೇಡಿ.

ಈಗ ಮಾಮೂಲಿನ ರಾಗಿ ಹಿಟ್ಟಿನಿಂದ ಮಂದವಾದ ಗಂಜಿ ಕಾಯಿಸಿ. ಎರಡು ಲೋಟ ನೀರಿಗೆ ಅರ್ಧ ಲೋಟ ಹಿಟ್ಟು ಇರಲಿ. ಗಂಜಿ ಬೆಂದು ಗಟ್ಟಿಯಾದ ಮೇಲೆ ಕೆಳಗಿಳಿಸಿ, ಒಂದೇ ಬಗೆಯ ಎರಡು ಪಾತ್ರೆಗಳಿಗೆ ಸಮನಾಗಿ ಹಂಚಿ. ಬೆರಳಿಟ್ಟರೆ ಬಿಸಿ ತಾಕಬೇಕು, ಸುಡಬಾರದು. ಅಷ್ಟರ ಮಟ್ಟಿಗೆ ಆರಲಿ. ಮೊದಲ ಪಾತ್ರೆಗೆ ಒಂದು ಚಮಚ ಸಾಧಾರಣ ರಾಗಿ ಹಿಟ್ಟನ್ನೂ, ಎರಡನೆಯದಕ್ಕೆ ಒಂದು ಚಮಚ ಮೊಳಕೆ ರಾಗಿಯ ಹಿಟ್ಟನ್ನೂ ಹಾಕಿ ಚೆನ್ನಾಗಿ ತಿರುವಿ. ಹತ್ತು ನಿಮಿಷ ಬಿಡಿ.

ಮೊದಲ ಪಾತ್ರೆಯ ಗಂಜಿ ಇನ್ನಷ್ಟು ಗಟ್ಟಿಯಾಗಿ ಕುಳಿತಿರುತ್ತದೆ. ಎರಡನೆಯದು ನೀರು ಬೆರೆಸದಿದ್ದರೂ ತೆಳ್ಳಗಾಗಿ, ಸೌಟಿನಿಂದ ಧಾರೆಯಾಗಿ ಸುರಿಯುತ್ತದೆ!

ಇದೇನು ಮಾಯೆಯಲ್ಲ. ರಾಗಿಯಲ್ಲಿ ಬಹುಪಾಲು ಪಿಷ್ಟವಿದೆ. ಪಿಷ್ಟ ಬೆಂದಾಗ ನೀರನ್ನು ಹೀರಿ ಉಬ್ಬಿಕೊಳ್ಳುತ್ತದೆ. ಆದುದರಿಂದ ಗಂಜಿ ಗಟ್ಟಿಯಾಗುತ್ತದೆ. ಕಾಳು ಮೊಳೆಯುವಾಗ ಎಳೆಯ ಸಸಿಗೆ ಊಟ ಬೇಕಲ್ಲವೆ? ಅದಕ್ಕಾಗಿ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟದ ಉದ್ದನೆಯ ಎಳೆಗಳನ್ನು ತುಂಡರಿಸಿ ಸಕ್ಕರೆಯ ಕಡೆಗೆ ತಿರುಗಿಸುತ್ತದೆ. ಎಳೆ ತುಂಡಾದರೆ ನೀರನ್ನು ಹಿಡಿದಿಡುವ ಶಕ್ತಿ ಹೋಗುತ್ತದೆ, ಗಂಜಿ ತೆಳುವಾಗುತ್ತದೆ.

ಈ ಪ್ರಯೋಗದಿಂದ ನಮಗೇನು ಉಪಯೋಗ? ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲೇ ಸಾಕು. ಆಮೇಲೆ ರಾಗಿ ಸರಿ ಕೊಡಲು ತೊಡಗುತ್ತೇವೆ. ಮಗುವಿನ ಹೊಟ್ಟೆ ಚಿಕ್ಕದು; ಗಟ್ಟಿಯಾದದ್ದನ್ನು ಅದು ನುಂಗಲಾರದು. ತಾಯಿ ಏನು ಮಾಡುತ್ತಾಳೆ? ನೀರು ಬೆರೆಸಿ ತೆಳ್ಳಗೆ ಮಾಡುತ್ತಾಳೆ. ಹೊಟ್ಟೆ ತುಂಬುತ್ತದೆ, ಆದರೆ ತುಂಬಿದ್ದು ಬಹುಮಟ್ಟಿಗೆ ನೀರು. ಮಗು ಮೂರು ಹೊತ್ತು ಉಂಡರೂ ಬಡಕಲಾಗಿಯೇ ಇರುತ್ತದೆ. ಮೊಳಕೆ ರಾಗಿಯ ಹಿಟ್ಟು ಬೆರೆತಾಗ ಅದೇ ತೆಳುವಿನ ಗಂಜಿಯಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ. ಒಂದು ಎಚ್ಚರಿಕೆ: ಮೊಳಕೆ ಹಿಟ್ಟು ಬೆರೆಸಿ ತೆಳುವಾದ ಗಂಜಿಯನ್ನು ಇನ್ನೊಮ್ಮೆ ಚೆನ್ನಾಗಿ ಕುದಿಸಿಯೇ ಕೊಡಬೇಕು. ಮೊಳಕೆ ಕಟ್ಟುವಾಗ ಕಣ್ಣಿಗೆ ಕಾಣದ ರೋಗಾಣುಗಳೂ ಬೆಳೆದಿರಬಹುದು.

ಇನ್ನೊಂದು ಪಾತ್ರೆಯನ್ನೂ ಇಟ್ಟು ನೋಡಿ. ಮೊಳಕೆ ಹಿಟ್ಟನ್ನು ಘಮ್ಮೆಂದು ಕೆಂಪಗಾಗುವಂತೆ ಹುರಿದು ಆ ಪಾತ್ರೆಯ ಗಂಜಿಗೆ ಹಾಕಿ. ಅದು ತೆಳುವಾಗುವುದಿಲ್ಲ. ಹೆಚ್ಚಿನ ಶಾಖಕ್ಕೆ ಆ ಕಿಣ್ವ ಸತ್ತುಹೋಗುತ್ತದೆ. ವಾಸನೆಗಾಗಿ ಚೆನ್ನಾಗಿ ಹುರಿದ ಹಿಟ್ಟು ರುಚಿಗೆ ಮೇಲಾಗಿರಬಹುದು. ಗಂಜಿಯನ್ನು ತೆಳುವಾಗಿಸುವ ಗುಣ ಅದರಲ್ಲಿ ಉಳಿದಿರುವುದಿಲ್ಲ.

ಎಂ.ಎಸ್ಸಿ. ವಿದ್ಯಾರ್ಥಿ ಮಾಡುವುದೇನು?

ನೀವು ಎರಡು ಪಾತ್ರೆಯನ್ನು ಪಕ್ಕಪಕ್ಕದಲ್ಲಿಟ್ಟು, ಒಂದೇ ಒಂದು ಸಂಗತಿಯನ್ನು ಬದಲಿಸಿ, ಮಿಕ್ಕಿದ್ದನ್ನೆಲ್ಲ ಸಮನಾಗಿಟ್ಟಿರಿ. ಸಂಶೋಧನೆಯ ಬೇರು ಇದೇ. ಆದರೆ ನೀವು ಕಣ್ಣಿನಿಂದ ನೋಡಿದಿರಿ; ವಿದ್ಯಾರ್ಥಿ ಅಳೆದು ನೋಡುತ್ತಾನೆ.

ಒಬ್ಬ ವಿದ್ಯಾರ್ಥಿನಿ ಈ ಮೊಳಕೆ ರಾಗಿಯನ್ನೇ ತನ್ನ ವಿಷಯವಾಗಿ ಆರಿಸಿಕೊಂಡಳೆಂದು ಇಟ್ಟುಕೊಳ್ಳಿ. ಮೊದಲು ಈ ವಿಷಯದಲ್ಲಿ ಹಿಂದಿನವರು ಏನೇನು ಕಂಡುಹಿಡಿದಿದ್ದಾರೆ ಎಂಬುದನ್ನೆಲ್ಲ ಅವಳು ಓದಬೇಕು. ಆಗಿಹೋದ ಕೆಲಸವನ್ನೇ ಮತ್ತೆ ಮಾಡಿದರೆ ಪ್ರಯೋಜನವಿಲ್ಲ. ಆಮೇಲೆ ಒಂದು ಪ್ರಶ್ನೆಯನ್ನು ಕಟ್ಟಬೇಕು. "ರಾಗಿ ಒಳ್ಳೆಯದೇ?" ಎಂಬುದು ಸಂಶೋಧನೆಯ ಪ್ರಶ್ನೆಯಲ್ಲ, ಅದು ತೀರ ಅಗಲವಾಯಿತು. "ಜಿ.ಪಿ.ಯು. 28 ಮತ್ತು ಎಂ.ಎಲ್. 365 ಎಂಬ ಎರಡು ತಳಿಗಳಲ್ಲಿ, 24, 48, 72 ಗಂಟೆ ಮೊಳಕೆ ಕಟ್ಟಿದಾಗ, ಗಂಜಿ ಎಷ್ಟೆಷ್ಟು ತೆಳುವಾಗುತ್ತದೆ, ಕಾಳಿನ ತೂಕ ಎಷ್ಟೆಷ್ಟು ನಷ್ಟವಾಗುತ್ತದೆ?" ಎಂಬುದು ಸಂಶೋಧನೆಯ ಪ್ರಶ್ನೆ. ಮೊಳಕೆ ಬೆಳೆದಷ್ಟೂ ಕಾಳಿನ ಸಾರವನ್ನು ಅದೇ ತಿನ್ನುತ್ತದೆ; ಹಿಟ್ಟು ಕಡಿಮೆಯಾಗುತ್ತದೆ, ಬೂಷ್ಟು ಹಿಡಿಯುವ ಭಯವೂ ಏರುತ್ತದೆ. ಲಾಭ ನಷ್ಟಗಳು ಸರಿದೂಗುವ ಗಂಟೆ ಯಾವುದು ಎಂಬುದೇ ಅವಳು ಕಂಡುಹಿಡಿಯಬೇಕಾದದ್ದು.

ಅವಳು ಪ್ರತಿಯೊಂದನ್ನೂ ಒಂದೇ ಸಲ ಮಾಡಿ ಕೈಬಿಡುವಂತಿಲ್ಲ. ಕನಿಷ್ಠ ಮೂರು ಸಲ ಮಾಡಬೇಕು. ನಮ್ಮ ಹೊಲದಲ್ಲಿ ಒಂದು ವರ್ಷ ಒಂದು ತಳಿ ಚೆನ್ನಾಗಿ ಬಂದಿತೆಂದು ಅದನ್ನೇ ನಂಬುವುದಿಲ್ಲವಷ್ಟೆ? ಮಳೆಯಿಂದ ಬಂದಿತೋ, ಗೊಬ್ಬರದಿಂದ ಬಂದಿತೋ, ತಳಿಯ ಗುಣವೋ ಎಂದು ಮತ್ತೆ ಬಿತ್ತಿ ನೋಡುತ್ತೇವೆ. ಅವಳೂ ಹಾಗೆಯೇ. ಮೂರು ಸಲದ ಅಂಕೆಗಳನ್ನು ಬರೆದು, ಕಂಡ ವ್ಯತ್ಯಾಸ ನಿಜವಾದುದೋ ಆಕಸ್ಮಿಕವೋ ಎಂದು ಗಣಿತದಿಂದ ತೂಗಿ ನೋಡುತ್ತಾಳೆ. ಅದಕ್ಕೆ ಸಂಖ್ಯಾಶಾಸ್ತ್ರವನ್ನು ಕಲಿಯಬೇಕು. ಪೋಷಕಾಂಶಗಳನ್ನು ಅಳೆಯಲು ರಸಾಯನಶಾಸ್ತ್ರ, ಬೂಷ್ಟು ರೋಗಾಣುಗಳನ್ನು ಅರಿಯಲು ಸೂಕ್ಷ್ಮಜೀವಿಶಾಸ್ತ್ರ, ಒಣಗಿಸುವ ಬೀಸುವ ಯಂತ್ರಗಳಿಗಾಗಿ ತಾಂತ್ರಿಕ ವಿದ್ಯೆ, ಪೊಟ್ಟಣದ ಶಾಸ್ತ್ರ, ಕಾನೂನು, ಇವೆಲ್ಲ ಪಾಠಗಳುಂಟು. ಕೊನೆಗೆ ಹತ್ತಾರು ಮಂದಿಯನ್ನು ಕೂರಿಸಿ, ಯಾವುದು ಯಾವ ಹಿಟ್ಟೆಂದು ಹೇಳದೆ, ರುಚಿ ನೋಡಿಸಿ ಅಂಕ ಹಾಕಿಸುತ್ತಾಳೆ. ಎಷ್ಟು ಪುಷ್ಟಿಕರವಾದರೂ ಬಾಯಿಗೆ ಸೇರದಿದ್ದರೆ ಅದು ಆಹಾರವಾಗದು.

ರಾಗಿಯ ವಿಷಯದಲ್ಲಿ ಇನ್ನೂ ಒಂದು ಮಾತನ್ನು ತಿಳಿಯಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಪಾಲಿಷ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. "ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ" ಎಂಬ ಹಿರಿಯರ ಮಾತಿಗೆ ಈ ಅಂಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಆದರೆ ಕಾಳಿನಲ್ಲಿ ಇರುವುದೆಲ್ಲ ಮೈಗೆ ಹತ್ತುವುದಿಲ್ಲ. ಕಾಳಿನ ಹೊಟ್ಟಿನ ಭಾಗದಲ್ಲಿರುವ ಫೈಟೇಟ್ ಎಂಬ ಪದಾರ್ಥ ಕ್ಯಾಲ್ಸಿಯಂ, ಕಬ್ಬಿಣ ಮುಂತಾದವನ್ನು ಹಿಡಿದಿಟ್ಟುಕೊಂಡು, ಕರುಳು ಅವನ್ನು ಹೀರಿಕೊಳ್ಳದಂತೆ ಮಾಡುತ್ತದೆ. ಮೊಳಕೆ ಕಟ್ಟಿದಾಗ, ಅಂಬಲಿಯಂತೆ ಹುಳಿ ಬರಿಸಿದಾಗ ಈ ಫೈಟೇಟ್ ಕಡಿಮೆಯಾಗುತ್ತದೆ. ತಟ್ಟೆಯಲ್ಲಿ ಎಷ್ಟಿದೆ, ಮೈಗೆ ಎಷ್ಟು ಹತ್ತಿತು ಎಂಬ ಎರಡು ಲೆಕ್ಕಗಳ ನಡುವಣ ಅಂತರವೇ ಆಹಾರ ವಿಜ್ಞಾನಿಯ ಹೊಲ. ನಮ್ಮ ಅಜ್ಜಿಯರು ರೂಢಿಯಿಂದ ಬಲ್ಲದ್ದನ್ನು ಅವನು ಅಳತೆಗೆ ತರುತ್ತಾನೆ. ರೂಢಿಯಲ್ಲಿ ತಪ್ಪಿದ್ದರೆ ಅದನ್ನೂ ತೋರಿಸುತ್ತಾನೆ.

1933ರಲ್ಲಿ ಬೆಂಗಳೂರಿಗೆ ಬಂದ ಹುಡುಗಿ

ಇಂಥ ವ್ಯಾಸಂಗ ನಮ್ಮ ನಾಡಿಗೆ ಹೊಸದಲ್ಲ. ಚಂದ್ರಾ ಲೇಔಟಿನಿಂದ ಉತ್ತರಕ್ಕೆ ರಾಜಾಜಿನಗರವನ್ನು ದಾಟಿ ಯಶವಂತಪುರದ ಕಡೆಗೆ ಹೋದರೆ ಭಾರತೀಯ ವಿಜ್ಞಾನ ಸಂಸ್ಥೆ ಸಿಕ್ಕುತ್ತದೆ. ಹಳಬರು ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿ ಮುಂಬಯಿಯಲ್ಲಿ ಬಿ.ಎಸ್ಸಿ. ಮುಗಿಸಿ, ಮುಂದೆ ಸಂಶೋಧನೆ ಮಾಡಬೇಕೆಂದು ಇಲ್ಲಿಗೆ ಅರ್ಜಿ ಹಾಕಿದಳು. ಅಂಕಗಳಲ್ಲಿ ಅವಳದೇ ಮೇಲುಗೈ. ಅವಳ ತಂದೆಯೂ ಚಿಕ್ಕಪ್ಪನೂ ಇದೇ ಸಂಸ್ಥೆಯಲ್ಲಿ ಓದಿದವರು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ನೊಬೆಲ್ ಬಹುಮಾನ ಪಡೆದ ಸರ್ ಸಿ. ವಿ. ರಾಮನ್. ಅವಳು ಹೆಣ್ಣೆಂಬ ಕಾರಣಕ್ಕೆ ಅವರು ಪ್ರವೇಶ ನಿರಾಕರಿಸಿದರು.

ಕಮಲಾ ಅಷ್ಟಕ್ಕೇ ಊರಿಗೆ ಹಿಂದಿರುಗಲಿಲ್ಲ. ಅದು ಗಾಂಧೀಜಿಯವರ ಕಾಲ. ನಿರಾಕರಣೆಗೆ ಕಾರಣವೇನೆಂದು ನೇರವಾಗಿ ಬಂದು ಕೇಳಿದಳು, ಹಟ ಹಿಡಿದು ನಿಂತಳು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಇರಬಹುದು, ಕೆಲಸ ತೃಪ್ತಿಕರವಾದರೆ ಮಾತ್ರ ಮುಂದೆ ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ಎಂ. ಶ್ರೀನಿವಾಸಯ್ಯ ಎಂಬ ಗುರುಗಳ ಕೈಕೆಳಗೆ ಅವಳು ಶಿಸ್ತಿನಿಂದ ದುಡಿದಳು. ಅವಳು ಆರಿಸಿಕೊಂಡ ವಿಷಯ ನಮ್ಮ ನಿಮ್ಮ ಊಟದ್ದೇ: ಹಾಲು, ಬೇಳೆ, ಕಾಳುಗಳಲ್ಲಿರುವ ಪ್ರೋಟೀನು. ಒಂದು ವರ್ಷದ ಕೆಲಸ ನೋಡಿ ನಿರ್ದೇಶಕರ ಮನಸ್ಸು ಬದಲಾಯಿತು. ಆಮೇಲೆ ಆ ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. 1936ರಲ್ಲಿ ಆ ಸಂಶೋಧನೆಗಾಗಿ ಮುಂಬಯಿ ವಿಶ್ವವಿದ್ಯಾನಿಲಯ ಅವಳಿಗೆ ಎಂ.ಎಸ್ಸಿ. ಪದವಿಯನ್ನಿತ್ತಿತು.

ಬಳಿಕ ಅವರು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಡಾಕ್ಟರೇಟ್ ಪಡೆದರು. ಮದುವೆಯ ನಂತರ ಕಮಲಾ ಸೊಹೊನಿ ಎಂದು ಪ್ರಸಿದ್ಧರಾದರು. ಮುಂದೆ ನೀರಾ ಎಂಬ ತಾಳೆಯ ಸಿಹಿರಸದ ಪೋಷಕಗುಣವನ್ನು ಅಳೆದು, ಬಡ ಮಕ್ಕಳಿಗೂ ಬಸುರಿಯರಿಗೂ ಅದು ಹೇಗೆ ನೆರವಾಗುವುದೆಂದು ತೋರಿಸಿಕೊಟ್ಟ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂದಿತು. 1998ರಲ್ಲಿ ತೀರಿಕೊಂಡರು.

ಈ ಕಥೆಯನ್ನು ಇಲ್ಲಿ ಹೇಳಿದ್ದಕ್ಕೆ ಕಾರಣವಿದೆ. ಅಂದು ಬಾಗಿಲಿಗೆ ಅಡ್ಡ ನಿಂತದ್ದು ಸಂಸ್ಥೆ. ಮನೆಯವರು ಅವಳ ಬೆನ್ನಿಗಿದ್ದರು. ಇಂದು ಸಂಸ್ಥೆಗಳ ಬಾಗಿಲು ತೆರೆದಿದೆ. ಎಷ್ಟೋ ಊರುಗಳಲ್ಲಿ ಅಡ್ಡ ನಿಂತಿರುವುದು ಮನೆಯ ಹೊಸಿಲು. "ಹೆಣ್ಣುಮಗಳು, ಇನ್ನೆರಡು ವರ್ಷ ಕಳೆದರೆ ಮದುವೆಯ ವಯಸ್ಸು ಮೀರುತ್ತದೆ" ಎಂಬ ಮಾತನ್ನು ನಾವು ಎಷ್ಟು ಸಲ ಆಡಿಲ್ಲ? ಈ ಮಾತನ್ನು ಓದುಗರು ತಮ್ಮ ಮನಸ್ಸಿನಲ್ಲಿಯೇ ತೂಗಿ ನೋಡಬೇಕು.

ಮೈಸೂರಿನ ಚೆಲುವಾಂಬ ಮಹಲು

ಚಂದ್ರಾ ಲೇಔಟಿನ ಮಗ್ಗುಲಿನ ಮೈಸೂರು ರಸ್ತೆಯನ್ನೇ ಹಿಡಿದು ಸುಮಾರು 140 ಕಿಲೋಮೀಟರು ಹೋದರೆ ಮೈಸೂರು. ಅಲ್ಲಿ ರಾಜಮನೆತನಕ್ಕೆ ಸೇರಿದ್ದ ಚೆಲುವಾಂಬ ಮಹಲಿನಲ್ಲಿ 1950ರ ಅಕ್ಟೋಬರ್ 21ರಂದು ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಆರಂಭವಾಯಿತು. ಜನರು ಅದನ್ನು ಸಿ.ಎಫ್.ಟಿ.ಆರ್.ಐ. ಎಂದು ಕರೆಯುತ್ತಾರೆ. ಅದರ ಮೊದಲ ನಿರ್ದೇಶಕರು ಡಾ. ವಿ. ಸುಬ್ರಹ್ಮಣ್ಯನ್. ಅವರೂ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ದುಡಿದು ಅಲ್ಲಿಗೆ ಹೋದವರು.

ಆ ಸಂಸ್ಥೆಯ ಕೆಲಸಗಳಲ್ಲಿ ರೈತರು ತಿಳಿಯತಕ್ಕ ಮೂರನ್ನು ಮಾತ್ರ ಹೇಳುತ್ತೇವೆ.

ಮೊದಲನೆಯದು ಎಮ್ಮೆಯ ಹಾಲಿನ ಕೆಲಸ. ಹಿಂದೆ ಶಿಶುಗಳಿಗೆ ಕೊಡುವ ಹಾಲಿನ ಪುಡಿ ಹೊರದೇಶದಿಂದ ಡಬ್ಬಿಗಳಲ್ಲಿ ಬರುತ್ತಿತ್ತು. ಅದು ಹಸುವಿನ ಹಾಲಿನದು. ಆಗ ನಮ್ಮಲ್ಲಿ ಎಮ್ಮೆಯ ಹಾಲೇ ಹೆಚ್ಚಾಗಿತ್ತು. ಅದರಲ್ಲಿ ಕೊಬ್ಬು ಹೆಚ್ಚು, ಶಿಶುವಿನ ಹೊಟ್ಟೆಯಲ್ಲಿ ಅದು ಗಟ್ಟಿ ಗೆಡ್ಡೆಯಾಗಿ ಒಡೆಯುತ್ತದೆ. ಮೈಸೂರಿನ ವಿಜ್ಞಾನಿಗಳು 1950ರ ದಶಕದಲ್ಲಿ ಎಮ್ಮೆಯ ಹಾಲನ್ನು ಶಿಶುವಿಗೆ ಜೀರ್ಣವಾಗುವ ಹದಕ್ಕೆ ತರುವ ವಿಧಾನವನ್ನು ಕಂಡುಹಿಡಿದರು. ಅದನ್ನು ಗುಜರಾತಿನ ಆಣಂದದ ರೈತರ ಸಹಕಾರ ಸಂಘ ಕೈಗೆತ್ತಿಕೊಂಡಿತು. ಅಮುಲ್ ಎಂಬ ಹೆಸರಿನ ಶಿಶು ಆಹಾರ ಹೀಗೆ ಬಂದಿತು. ತಾಯಿಯ ಹಾಲಿಗೆ ಸಮನಾದದ್ದು ಯಾವುದೂ ಇಲ್ಲ, ನಿಜ. ಆದರೆ ರೈತನ ಎಮ್ಮೆಯ ಹಾಲಿಗೆ ಒಂದು ಹೊಸ ಮಾರುಕಟ್ಟೆ ದೊರೆತದ್ದು ಪ್ರಯೋಗಶಾಲೆಯ ಮೇಜಿನ ಮೇಲಿನ ಕೆಲಸದಿಂದ.

ಎರಡನೆಯದು ಕಡಲೆಕಾಯಿಯದು. ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮುಕ್ಕಾಲು ಪಾಲು, ಕಡಲೆಬೇಳೆಯ ಹಿಟ್ಟು ಕಾಲು ಪಾಲು ಸೇರಿಸಿ, ಜೀವಸತ್ವಗಳನ್ನು ಬೆರೆಸಿ, ಬಡವರಿಗೆ ಅಗ್ಗದ ಪ್ರೋಟೀನು ಆಹಾರವೊಂದನ್ನು ಮೈಸೂರಿನಲ್ಲಿ ತಯಾರಿಸಿದರು. ಆದರೆ 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತುವು. ಹುಡುಕಿ ನೋಡಿದಾಗ ಕಾರಣ ಕಂಡದ್ದು ಅವುಗಳ ಮೇವಿನಲ್ಲಿದ್ದ ಕಡಲೆಕಾಯಿ ಹಿಂಡಿಯಲ್ಲಿ. ಹಿಂಡಿಗೆ ಹಿಡಿದ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಟ್ಟಿತ್ತು. ಅದು ಈಲಿಯನ್ನು ಕೆಡಿಸುವ, ಕ್ಯಾನ್ಸರಿಗೆ ಕಾರಣವಾಗುವ ವಿಷ. ಹುರಿದರೂ ಪೂರ್ತಿಯಾಗಿ ಹೋಗದು. ಒಳ್ಳೆಯದೆಂದು ನಂಬಿದ್ದ ಕಡಲೆಕಾಯಿ ಹಿಟ್ಟನ್ನು ಮತ್ತೆ ಪರೀಕ್ಷೆಗೆ ಒಡ್ಡಬೇಕಾಯಿತು. ಅಂದಿನಿಂದ ಕಡಲೆಕಾಯಿಯ ಪದಾರ್ಥಗಳಲ್ಲಿ ಈ ವಿಷವನ್ನು ಅಳೆಯುವುದು ಕಡ್ಡಾಯದ ಮಾತಾಯಿತು. ನಿನ್ನೆ ಹೇಳಿದ್ದನ್ನು ಇಂದು ತಾನೇ ಪರೀಕ್ಷಿಸಿ ತಿದ್ದಿಕೊಳ್ಳುವುದು ವಿಜ್ಞಾನದ ದೊಡ್ಡತನ. ರೈತರಿಗೆ ಇದರ ಪಾಠ ಸರಳ. ಕಿತ್ತ ಕಡಲೆಕಾಯಿಯನ್ನು ಅಲುಗಿಸಿದರೆ ಬೀಜ ಗಲಗಲ ಎನ್ನುವವರೆಗೆ ಒಣಗಿಸಿ. ತೇವಾಂಶ ಶೇಕಡಾ 8ರ ಆಸುಪಾಸಿಗೆ ಇಳಿಯಬೇಕು. ಬೂಷ್ಟು ಹಿಡಿದದ್ದನ್ನು ಒಳ್ಳೆಯದರ ಜೊತೆ ಬೆರೆಸಬೇಡಿ, ದನಕ್ಕೂ ಹಾಕಬೇಡಿ.

ಮೂರನೆಯದು ನಾವು ಮೇಲೆ ನೋಡಿದ ಮೊಳಕೆ ರಾಗಿಯದೇ. ಆ ಸಂಸ್ಥೆಯ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಅವರು ಮೊಳಕೆ ರಾಗಿ ಮತ್ತು ಹೆಸರುಕಾಳು ಸೇರಿಸಿ, ಬೇಯಿಸಿದರೆ ಗಟ್ಟಿಯಾಗದ ಶಿಶು ಆಹಾರವೊಂದನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದರು. ಬರೀ ರಾಗಿ ಸಾಲದು, ಜೊತೆಗೆ ಕಾಳು ಬೇಕು ಎಂಬುದನ್ನು ಗಮನಿಸಿ. ಚಂದ್ರಾ ಲೇಔಟಿನ ಅಂಗಡಿಯ ಪೊಟ್ಟಣದ ಹಿಂದೆ ಇಂಥ ಹಲವು ವರ್ಷಗಳ ಕೆಲಸವಿದೆ.

ಎಲ್ಲಿ ಓದಬಹುದು?

ಮೈಸೂರಿನ ಈ ಸಂಸ್ಥೆಯಲ್ಲಿ 1964ರಿಂದ ಎರಡು ವರ್ಷದ ಎಂ.ಎಸ್ಸಿ. ಆಹಾರ ತಂತ್ರಜ್ಞಾನದ ಶಿಕ್ಷಣ ನಡೆದುಬಂದಿದೆ. ಅದು ಮೊದಲಾದದ್ದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ನೆರವಿನಿಂದ. ಏಷ್ಯದ ಬೇರೆ ದೇಶಗಳ ವಿದ್ಯಾರ್ಥಿಗಳೂ ಬಂದು ಕಲಿತರು. ಅದೇ 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಅದರ ಜಿ.ಕೆ.ವಿ.ಕೆ. ಆವರಣದಲ್ಲಿ, ಬಳ್ಳಾರಿ ರಸ್ತೆಯ ಬದಿಯಲ್ಲಿ, ಆಹಾರ ವಿಜ್ಞಾನ ಮತ್ತು ಪೋಷಣೆಯ ವಿಭಾಗವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯ ಹತ್ತಿರ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿಯೂ ಈ ವಿಷಯದ ವಿಭಾಗವುಂಟು. ಹಾಲಿನ ವಿಷಯದಲ್ಲಿ ಆಸಕ್ತಿ ಇದ್ದವರಿಗೆ ಬೆಂಗಳೂರು ಹೆಬ್ಬಾಳದಲ್ಲಿ ಡೇರಿ ವಿಜ್ಞಾನ ಕಾಲೇಜು ಇದೆ.

ದಾರಿ ಹೀಗಿದೆ. ಹತ್ತನೆಯ ತರಗತಿಯ ನಂತರ ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಳ್ಳಬೇಕು. ಆಮೇಲೆ ಕೃಷಿ, ಆಹಾರ ತಂತ್ರಜ್ಞಾನ, ಗೃಹವಿಜ್ಞಾನ ಅಥವಾ ರಸಾಯನಶಾಸ್ತ್ರವಿರುವ ಬಿ.ಎಸ್ಸಿ. ಯಾವ ಪದವಿಗೆ ಎಲ್ಲಿ ಪ್ರವೇಶವೆಂಬುದು ಒಂದೊಂದು ಸಂಸ್ಥೆಯಲ್ಲಿ ಒಂದೊಂದು ರೀತಿ. ಪ್ರವೇಶ ಪರೀಕ್ಷೆಯ ನಿಯಮಗಳೂ ಆಗಾಗ ಬದಲಾಗುತ್ತವೆ. ಆದುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ನೋಡಬೇಕು. ಸೀಟುಗಳು ಕಡಿಮೆ, ಪೈಪೋಟಿ ಹೆಚ್ಚು. ಬಿ.ಎಸ್ಸಿ.ಯ ಕೊನೆಯ ವರ್ಷದಲ್ಲಿಯೇ ಸಿದ್ಧತೆ ಆರಂಭಿಸುವುದು ಲೇಸು. ಹಣದ ಚಿಂತೆಗೂ ಕೆಲವು ಆಸರೆಗಳುಂಟು. ಕೃಷಿ ವಿಷಯಗಳಲ್ಲಿ ಓದುವವರಿಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ವಿದ್ಯಾರ್ಥಿವೇತನವಿದೆ. ರೈತರ ಮಕ್ಕಳಿಗೆಂದು ನಮ್ಮ ರಾಜ್ಯದಲ್ಲಿ 2021ರಲ್ಲಿ ರೈತ ವಿದ್ಯಾನಿಧಿ ಯೋಜನೆ ಆರಂಭವಾಯಿತು. ಈ ವರ್ಷದ ನಿಯಮವನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಸೇರುವ ಮುನ್ನ ಈ ನಾಲ್ಕು ಮಾತುಗಳನ್ನು ಕೇಳತಕ್ಕದ್ದು:

1. ಈ ಎಂ.ಎಸ್ಸಿ.ಯಲ್ಲಿ ಸಂಶೋಧನಾ ಪ್ರಬಂಧವಿದೆಯೇ, ಅಥವಾ ಕೊನೆಯಲ್ಲಿ ಚಿಕ್ಕದೊಂದು ವರದಿ ಮಾತ್ರವೇ?

2. ಮಾರ್ಗದರ್ಶಕರು ಯಾವ ವಿಷಯದಲ್ಲಿ ಕೆಲಸ ಮಾಡುತ್ತಾರೆ? ಅದು ನಮ್ಮ ಹುಡುಗಿಗೆ ಇಷ್ಟವಾದ ವಿಷಯವೇ?

3. ಪ್ರಯೋಗಶಾಲೆಯಲ್ಲಿ ಅಳತೆಯ ಯಂತ್ರಗಳು ಇವೆಯೇ, ವಿದ್ಯಾರ್ಥಿಗಳ ಕೈಗೆ ಕೊಡುತ್ತಾರೆಯೇ?

4. ಹಾಸ್ಟೆಲಿನ ವ್ಯವಸ್ಥೆ ಹೇಗೆ?

ಕಟ್ಟಡ ಎಷ್ಟು ದೊಡ್ಡದೆಂದು ನೋಡಿ ಮರುಳಾಗಬೇಡಿ. ಒಳ್ಳೆಯ ಮಾರ್ಗದರ್ಶಕರು ದೊರೆಯುವುದೇ ಮುಖ್ಯ.

ಓದಿದ ಮೇಲೆ ಏನು?

ಮೂರು ದಾರಿಗಳಿವೆ. ಸಂಶೋಧನೆಯಲ್ಲಿಯೇ ಮುಂದುವರಿದು ಡಾಕ್ಟರೇಟ್ ಮಾಡಬಹುದು. ಆಹಾರ ಕಾರ್ಖಾನೆಗಳಲ್ಲಿ, ಗುಣಪರೀಕ್ಷೆಯ ಪ್ರಯೋಗಶಾಲೆಗಳಲ್ಲಿ ಕೆಲಸಕ್ಕೆ ಸೇರಬಹುದು. ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಷಯತಜ್ಞರಾಗಬಹುದು. ನಿಮ್ಮ ಊರಿಗೆ ಬಂದು ಹೆಂಗಸರ ಸಂಘಕ್ಕೆ ಸಿರಿಧಾನ್ಯದ ತಿಂಡಿ ಹೇಳಿಕೊಡುವ ಗೃಹವಿಜ್ಞಾನದ ತಜ್ಞೆಯನ್ನು ಕೇಳಿ ನೋಡಿ, ಅವರೂ ಇಂಥ ಎಂ.ಎಸ್ಸಿ. ಓದಿದವರೇ ಆಗಿರುತ್ತಾರೆ.

ಆದರೆ ಹುಸಿ ಆಸೆಯನ್ನು ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ಎರಡು ವರ್ಷದ ಸಂಶೋಧನೆಯಿಂದ ಕಾರ್ಖಾನೆ ಏಳುವುದಿಲ್ಲ. ಎಷ್ಟೋ ಸಲ ಉತ್ತರ "ಇಲ್ಲ, ಈ ವಿಧಾನ ಫಲಿಸದು" ಎಂದೇ ಬರುತ್ತದೆ. ಅದೂ ಉಪಯುಕ್ತವಾದ ಉತ್ತರವೇ. ಮುಂದಿನವರು ಆ ದಾರಿಯಲ್ಲಿ ಹಣ ಕಳೆದುಕೊಳ್ಳುವುದು ತಪ್ಪುತ್ತದೆ. ಮನೆಯಲ್ಲಿ ಹಿಟ್ಟು ಮಾಡಿ ಮಾರಬೇಕೆಂದರೆ 2006ರ ಆಹಾರ ಸುರಕ್ಷತಾ ಕಾನೂನಿನ ಪ್ರಕಾರ ನೋಂದಣಿ ಬೇಕು, ಶುಚಿತ್ವದ ನಿಯಮಗಳನ್ನು ಪಾಲಿಸಬೇಕು. ವಿದ್ಯೆ ಇದ್ದವರಿಗೂ ಇದರಿಂದ ವಿನಾಯಿತಿ ಇಲ್ಲ.

ಹಾಗಾದರೆ ರೈತನಿಗೆ ಇದರಿಂದ ಆಗುವ ಲಾಭವೇನು? ಬೆಳೆಯುವ ವಿದ್ಯೆ ನಮ್ಮದು. ಬೆಳೆದದ್ದನ್ನು ಕೆಡದಂತೆ ಉಳಿಸಿ, ಉಂಡದ್ದು ಮೈಗೆ ಹತ್ತುವಂತೆ ಮಾಡುವ ವಿದ್ಯೆ ಬಹುಮಟ್ಟಿಗೆ ಬೇರೆಯವರ ಕೈಯಲ್ಲಿ ಉಳಿದಿದೆ. ಟೊಮೇಟೊ ಬೆಲೆ ಬಿದ್ದಾಗ ರಸ್ತೆಗೆ ಸುರಿಯುತ್ತೇವೆ. ಸಜ್ಜೆಯ ಹಿಟ್ಟು ಕೆಲವೇ ದಿನಗಳಲ್ಲಿ ಕಮಟು ಹಿಡಿಯುತ್ತದೆಂದು ಪೇಟೆಯವರು ಕೊಳ್ಳುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುತ್ತದೆ. ಸಜ್ಜೆಯಲ್ಲಿ ಕೊಬ್ಬಿನಂಶ ಹೆಚ್ಚು, ಬೀಸಿದೊಡನೆ ಲಿಪೇಸ್ ಎಂಬ ಕಿಣ್ವ ಆ ಕೊಬ್ಬನ್ನು ಒಡೆಯತೊಡಗುತ್ತದೆ. ಬೀಸುವ ಮುನ್ನ ಕಾಳಿಗೆ ತಕ್ಕ ಶಾಖ ಕೊಟ್ಟರೆ ಆ ಕಿಣ್ವ ಸುಮ್ಮನಾಗುತ್ತದೆ ಎಂಬುದು ಈಗ ಗೊತ್ತಾಗಿದೆ. ಇದನ್ನು ಸಜ್ಜೆ ಬೆಳೆಯುವವನ ಮಗಳೇ ಕಲಿತು ಬಂದರೆ ಊರಿಗೆ ಎಷ್ಟು ಉಪಕಾರ! ಯಾವ ಪ್ರಶ್ನೆಯನ್ನು ಮೊದಲು ಕೇಳಬೇಕೆಂಬುದು ಅವಳಿಗೆ ಗೊತ್ತಿರುತ್ತದೆ. ಆ ಕಮಟನ್ನು ಅವಳು ತನ್ನ ಮನೆಯ ಡಬ್ಬಿಯಲ್ಲಿಯೇ ಮೂಸಿ ಬಲ್ಲಳು.

ಮಕ್ಕಳನ್ನು ಕಳಿಸಲಾಗದವರೂ ತಮ್ಮ ಪ್ರಶ್ನೆಯನ್ನು ಕಳಿಸಬಹುದು. ನಿಮ್ಮ ಮನೆಯಲ್ಲಿ, ಕಣದಲ್ಲಿ, ಅಲೆಮನೆಯಲ್ಲಿ ಯಾವುದು ಕೆಡುತ್ತಿದೆ, ಎಷ್ಟು ದಿನಕ್ಕೆ, ಯಾವ ಕಾಲದಲ್ಲಿ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಅದನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ಜಿ.ಕೆ.ವಿ.ಕೆ.ಯ ಕೃಷಿ ಮೇಳಕ್ಕೆ ಹೋದಾಗ ಯಂತ್ರಗಳ ಮಳಿಗೆಯಲ್ಲಿ ಮಾತ್ರ ನಿಲ್ಲದೆ, ಆಹಾರ ವಿಭಾಗದವರನ್ನು ಹುಡುಕಿ ಮಾತನಾಡಿಸಿ. ದಿನಾಂಕ ಅಳತೆಗಳನ್ನು ಬರೆದಿಟ್ಟ ಪ್ರಶ್ನೆ ಒಬ್ಬ ವಿದ್ಯಾರ್ಥಿಯ ಎರಡು ವರ್ಷದ ಕೆಲಸಕ್ಕೆ ಬೀಜವಾದೀತು.

ಸಂಜೆ ಕೂಡಿದಾಗ ಚರ್ಚಿಸಲು

1. ಗಂಜಿಗೆ ನೀರು ಬೆರೆಸಿ ತೆಳು ಮಾಡುವುದಕ್ಕೂ ಮೊಳಕೆ ಹಿಟ್ಟಿನಿಂದ ತೆಳು ಮಾಡುವುದಕ್ಕೂ ವ್ಯತ್ಯಾಸವೇನು?

2. ಮೊಳಕೆ ಹಿಟ್ಟನ್ನು ಕೆಂಪಗೆ ಹುರಿದರೆ ಯಾವ ಗುಣ ನಷ್ಟವಾಗುತ್ತದೆ?

3. ಎರಡು ಪಾತ್ರೆಗಳಲ್ಲಿ ಒಂದಕ್ಕೆ ಸಾಧಾರಣ ಹಿಟ್ಟನ್ನು ಏಕೆ ಹಾಕಬೇಕಾಯಿತು?

4. ನಮ್ಮ ಊರಿನಲ್ಲಿ ಕಳೆದ ವರ್ಷ ಬೆಳೆದೂ ಕೆಟ್ಟುಹೋದದ್ದು ಯಾವುದು? ಅದನ್ನು ಉಳಿಸುವ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಹೇಗೆ ಕೇಳುವಿರಿ?

5. ನಮ್ಮ ಊರಿನಲ್ಲಿ ಬಿ.ಎಸ್ಸಿ. ಓದುತ್ತಿರುವ ಹುಡುಗಿಯರು ಎಷ್ಟು ಮಂದಿ? ಮುಂದೆ ಏನು ಮಾಡಬೇಕೆಂದಿದ್ದಾರೆಂದು ಅವರನ್ನು ಯಾರಾದರೂ ಕೇಳಿದ್ದಾರೆಯೇ?

ಮೊದಲ ನಾಲ್ಕಕ್ಕೆ ಉತ್ತರ ಈ ಪಾಠದಲ್ಲಿಯೂ ನಿಮ್ಮ ಕಣದಲ್ಲಿಯೂ ಸಿಕ್ಕುತ್ತದೆ. ಐದನೆಯದಕ್ಕೆ ಉತ್ತರ ಬೇಕಾದರೆ ಮನೆಗೆ ಹೋಗಿ ಕೇಳಬೇಕು.